ಬೋರಾನ್ ಬೆರೆತ ವಜ್ರದ ಅತಿವಾಹಕತೆ: ಹೀಲಿಯಂ ಮುಟ್ಟುವ ಮುನ್ನ ಧಾರವಾಡದಲ್ಲೇ ಮುಗಿಸಬೇಕಾದ ಕೆಲಸ

ಉಗುರಿನಷ್ಟು ಅಗಲದ, ಇದ್ದಿಲಿನಂತೆ ಕಪ್ಪಗಿರುವ ಒಂದು ಚೂರನ್ನು ಮುಂದಿಟ್ಟು ಇದು ವಜ್ರ ಎಂದರೆ ಧಾರವಾಡದ ಯಾವ ಪತ್ತಾರನೂ ಒಪ್ಪಲಾರ. ಆದರೂ ಅದು ವಜ್ರವೇ. ಇಂಗಾಲದ ಪರಮಾಣುಗಳು ಕೂರಬೇಕಾದ ಕೆಲವು ಜಾಗಗಳಲ್ಲಿ ಬೋರಾನ್ ಪರಮಾಣುಗಳು ಕೂತದ್ದರಿಂದ ಅದರ ಬಣ್ಣವೂ ಬದಲಾಗಿದೆ, ಗುಣವೂ ಬದಲಾಗಿದೆ. ಬೋರಾನ್ ದಶಲಕ್ಷಕ್ಕೆ ಒಂದರ ಆಸುಪಾಸಿನಲ್ಲಿದ್ದರೆ ವಜ್ರ ನೀಲಿಯಾಗುತ್ತದೆ. ಗೋಲ್ಕೊಂಡ ಸೀಮೆಯ ಗಣಿಯಿಂದ ಹೊರಟು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿರುವ ಹೋಪ್ ವಜ್ರದ ನೀಲಿಗೂ ಬೋರಾನೇ ಕಾರಣ. ಅದೇ ಬೋರಾನ್ ನೂರಕ್ಕೆ ಒಂದೆರಡರ ಪ್ರಮಾಣಕ್ಕೆ ಏರಿದಾಗ ವಜ್ರ ಕಪ್ಪಾಗುತ್ತದೆ, ಲೋಹದಂತೆ ವಿದ್ಯುತ್ತನ್ನು ಹರಿಸುತ್ತದೆ, ಮತ್ತು ಪರಮ ಶೂನ್ಯದಿಂದ ಎಣಿಸಿದರೆ ಕೆಲವೇ ಕೆಲ್ವಿನ್‌ಗಳಷ್ಟು ತಂಪಿನಲ್ಲಿ ತನ್ನ ವಿದ್ಯುತ್ ರೋಧವನ್ನು ಪೂರ್ತಿ ಕಳೆದುಕೊಳ್ಳುತ್ತದೆ. ಇದೇ ಅತಿವಾಹಕತೆ.

ಕರ್ನಾಟಕ ವಿಶ್ವವಿದ್ಯಾಲಯದಲ್ಲಾಗಲಿ, ಚಿಕ್ಕಮಲ್ಲಿಗವಾಡದ ಐಐಟಿಯಲ್ಲಾಗಲಿ, ಹುಬ್ಬಳ್ಳಿಯ ಯಾವುದೇ ಕಾಲೇಜಿನಲ್ಲಾಗಲಿ ಎಂ.ಎಸ್ಸಿ. ಯೋಜನೆಗೋ ಪಿಎಚ್.ಡಿ.ಯ ಮೊದಲ ವರ್ಷದ ಅಭ್ಯಾಸಕ್ಕೋ ಈ ವಿಷಯವನ್ನು ಆರಿಸಿಕೊಂಡವರಿಗಾಗಿ ಈ ಬರಹ. ಅತಿವಾಹಕತೆಯನ್ನು ಕಣ್ಣಾರೆ ಕಾಣಲು ದ್ರವ ಹೀಲಿಯಂ ಬೇಕು, ಅದು ದುಬಾರಿ. ಅದಿರುವ ಸಂಸ್ಥೆಗಳಲ್ಲಿ ನಿಮಗೆ ಸಿಗುವುದು ಒಂದೆರಡು ದಿನ. ಆದರೆ ಆ ಒಂದೆರಡು ದಿನ ಫಲ ಕೊಡುವುದೋ ಇಲ್ಲವೋ ಎಂಬುದು ಬಹುಪಾಲು ಊರಿನಲ್ಲಿಯೇ, ನಾಲ್ಕು ತಂತಿ ಮತ್ತು ಒಂದು ಕ್ಯಾನ್ ದ್ರವ ಸಾರಜನಕದ ಮುಂದೆಯೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗವನ್ನು ಆ ಕೆಲಸಕ್ಕೇ ಮೀಸಲಿಟ್ಟಿದ್ದೇನೆ.

ಅಳೆಯುತ್ತಿರುವುದು ಏನನ್ನು

ಬೋರಾನ್‌ಗೆ ಇಂಗಾಲಕ್ಕಿಂತ ಒಂದು ಎಲೆಕ್ಟ್ರಾನ್ ಕಡಿಮೆ. ಅದು ವಜ್ರದ ಜಾಲರಿಯಲ್ಲಿ ಕೂತಾಗ ಒಂದು ಬಂಧದಲ್ಲಿ ಎಲೆಕ್ಟ್ರಾನಿನ ಕೊರತೆ, ಅಂದರೆ ಒಂದು ರಂಧ್ರ, ಉಂಟಾಗುತ್ತದೆ. ಬೋರಾನ್ ವಿರಳವಾಗಿದ್ದಾಗ ಈ ರಂಧ್ರವನ್ನು ಬಿಡಿಸಿ ಓಡಾಡಿಸಲು 0.37 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕಾಗುವುದರಿಂದ, ತಂಪು ಮಾಡಿದಷ್ಟೂ ವಜ್ರ ಹೆಚ್ಚು ಹೆಚ್ಚು ಅವಾಹಕವಾಗುತ್ತದೆ. ಆದರೆ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 4.5 × 10²⁰ ಬೋರಾನ್ ಪರಮಾಣುಗಳನ್ನು ದಾಟಿದ ಮೇಲೆ ರಂಧ್ರಗಳು ಯಾವ ಒಂದು ಪರಮಾಣುವಿಗೂ ಕಟ್ಟುಬೀಳದೆ ಎಲ್ಲೆಡೆ ಹರಿಯತೊಡಗುತ್ತವೆ. ವಜ್ರದ ಒಂದು ಘನ ಸೆಂಟಿಮೀಟರಿನಲ್ಲಿ 1.76 × 10²³ ಪರಮಾಣುಗಳಿರುವುದರಿಂದ, ಸುಮಾರು 390 ಪರಮಾಣುಗಳಿಗೆ ಒಂದು ಬೋರಾನ್ ಎಂದು ಈ ಗಡಿಯನ್ನು ನೆನಪಿಟ್ಟುಕೊಳ್ಳಬಹುದು. ಅತಿವಾಹಕತೆಯೂ ಈ ಗಡಿಯ ಸುತ್ತಲೇ ತಲೆಯೆತ್ತುತ್ತದೆ; ಬೋರಾನ್ ಹೆಚ್ಚಿದಂತೆ ಸಂಕ್ರಮಣ ತಾಪವೂ, ಅಂದರೆ ವಜ್ರ ಅತಿವಾಹಕವಾಗುವ ತಾಪವೂ, ಏರುತ್ತದೆ. ಕಾರಣ ಬಹುಮಟ್ಟಿಗೆ ಹಳೆಯ ಅತಿವಾಹಕಗಳದೇ: ವಜ್ರದ ಗಟ್ಟಿ ಬಂಧಗಳ ಕಂಪನವೇ ರಂಧ್ರಗಳನ್ನು ಜೋಡಿಯಾಗಿಸುತ್ತದೆ. 2001ರಲ್ಲಿ 39 ಕೆಲ್ವಿನ್‌ನಲ್ಲಿ ಅತಿವಾಹಕವೆಂದು ಕಂಡುಬಂದ ಮೆಗ್ನೀಸಿಯಂ ಡೈಬೋರೈಡಿಗೆ ವಜ್ರವನ್ನು ಹೋಲಿಸುವುದು ಇದೇ ಕಾರಣಕ್ಕೆ.

ರಷ್ಯಾದ ಟ್ರಾಯ್ಟ್ಸ್ಕ್‌ನಲ್ಲಿ ಎಕಿಮೋವ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ಮೊದಲು ತೋರಿಸಿದರು. ಅವರು ಗ್ರಾಫೈಟ್ ಮತ್ತು ಬೋರಾನ್ ಕಾರ್ಬೈಡನ್ನು 8–9 ಗಿಗಾಪಾಸ್ಕಲ್ ಒತ್ತಡದಲ್ಲಿ, 2500–2800 ಕೆಲ್ವಿನ್ ತಾಪದಲ್ಲಿ ವಜ್ರವಾಗಿಸಿದ್ದರು. ಆ ವಜ್ರದ ರೋಧ 4 ಕೆಲ್ವಿನ್ ಹತ್ತಿರ ಕುಸಿಯತೊಡಗಿ 2.3 ಕೆಲ್ವಿನ್‌ನಲ್ಲಿ ಶೂನ್ಯವಾಯಿತು. ಅದೇ ವರ್ಷ ಜಪಾನಿನ ಸಂಶೋಧಕರು ಅನಿಲದಿಂದ ಬೆಳೆಸಿದ ತೆಳುಪದರದಲ್ಲಿ 7.4 ಕೆಲ್ವಿನ್‌ನಲ್ಲಿ ಕುಸಿತದ ಆರಂಭವನ್ನೂ 4.2 ಕೆಲ್ವಿನ್‌ನಲ್ಲಿ ಶೂನ್ಯವನ್ನೂ ಕಂಡರು; ಮುಂದೆ ಇಂಥ ಪದರಗಳಲ್ಲಿ ಕುಸಿತದ ಆರಂಭ 11 ಕೆಲ್ವಿನ್ ದಾಟಿತು. ನಿಮ್ಮ ಮಾದರಿಯಿಂದ 2 ರಿಂದ 8 ಕೆಲ್ವಿನ್‌ಗಳ ನಡುವೆ ಏನನ್ನಾದರೂ ನಿರೀಕ್ಷಿಸಿ. ಅದಕ್ಕಿಂತ ಹೆಚ್ಚು ಕಂಡರೆ ಮೊದಲು ನಿಮ್ಮ ಥರ್ಮಾಮೀಟರನ್ನು ಸಂಶಯಿಸಿ.

ಚೂರನ್ನು ಆರಿಸುವುದು

ಬೆಳೆಸುವ ಕೆಲಸವನ್ನು ಮೊದಲ ವರ್ಷವೇ ಕೈಗೆತ್ತಿಕೊಳ್ಳಬೇಡಿ. ಮೈಕ್ರೋವೇವ್ ಪ್ಲಾಸ್ಮಾದಲ್ಲಿ ಜಲಜನಕ ಮತ್ತು ಮೀಥೇನ್ ಜೊತೆಗೆ ಡೈಬೋರೇನ್ ಅಥವಾ ಟ್ರೈಮೀಥೈಲ್‌ಬೋರಾನ್ ಅನಿಲವನ್ನು ಹಾಯಿಸಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನ ತಟ್ಟೆಯ ಮೇಲೆ ಪದರ ಬೆಳೆಸುತ್ತಾರೆ. ಇವೆರಡೂ ಗಾಳಿ ತಗುಲಿದರೆ ತಾವಾಗಿಯೇ ಹೊತ್ತಿಕೊಳ್ಳಬಲ್ಲ ಅನಿಲಗಳು, ಡೈಬೋರೇನ್ ಅಂತೂ ಘೋರ ವಿಷ. ಸೋರಿಕೆ ಪತ್ತೆ ಮಾಡುವ ಉಪಕರಣವೂ ಅನಿಲವನ್ನು ಶುದ್ಧಿಮಾಡಿ ಹೊರಬಿಡುವ ವ್ಯವಸ್ಥೆಯೂ ಇಲ್ಲದ ಕೋಣೆಯಲ್ಲಿ ಅವುಗಳ ಸಿಲಿಂಡರನ್ನು ತಂದಿಡುವುದೇ ತಪ್ಪು. ಸೂರತ್ತಿನಲ್ಲಿ ಆಭರಣಕ್ಕೆಂದು ವಜ್ರ ಬೆಳೆಸುವವರಲ್ಲಿ ಮಾಡಿಸಿಕೊಳ್ಳೋಣವೆಂದು ಕೆಲವರು ಯೋಚಿಸುವುದುಂಟು, ಆದರೆ ಒಮ್ಮೆ ಬೋರಾನ್ ಹೊಕ್ಕ ಕೊಠಡಿಯ ಗೋಡೆಗಳಿಂದ ಅದು ಸುಲಭವಾಗಿ ಹೋಗುವುದಿಲ್ಲ. ಬಿಳಿ ವಜ್ರ ಮಾರುವವರು ತಮ್ಮ ಯಂತ್ರವನ್ನು ಹಾಗೆ ಹಾಳುಮಾಡಿಕೊಳ್ಳಲು ಒಪ್ಪುವರೆಂದು ನನಗನ್ನಿಸುವುದಿಲ್ಲ. ಐಐಟಿ ಮದ್ರಾಸಿನಂತೆ ವಜ್ರದ ಪದರಗಳ ಮೇಲೆ ಕೆಲಸ ಮಾಡುವ ಗುಂಪುಗಳಿಗೆ ನಿಮ್ಮ ಮಾರ್ಗದರ್ಶಕರ ಮೂಲಕ ಬರೆದು ಕೇಳುವುದು ಒಂದು ದಾರಿ. ಕೊಳಚೆ ನೀರಿನ ಶುದ್ಧೀಕರಣಕ್ಕೂ ವಿದ್ಯುತ್‌ರಸಾಯನ ಪ್ರಯೋಗಗಳಿಗೂ ಮಾರಾಟವಾಗುವ ಬೋರಾನ್ ವಜ್ರದ ಎಲೆಕ್ಟ್ರೋಡನ್ನು ಕೊಳ್ಳುವುದು ಇನ್ನೊಂದು ದಾರಿ.

ಕೊಳ್ಳುವಾಗ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಪದರ ಯಾವುದರ ಮೇಲೆ ಕೂತಿದೆ? ಇಂಥ ಎಲೆಕ್ಟ್ರೋಡುಗಳನ್ನು ಹಲವು ಬಾರಿ ನಯೋಬಿಯಂ ಲೋಹದ ತಟ್ಟೆಯ ಮೇಲೆ ಬೆಳೆಸಿರುತ್ತಾರೆ. ನಯೋಬಿಯಂ ತಾನೇ ಸುಮಾರು 9.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಲೋಹ. ಅದರ ಮೇಲಿನ ವಜ್ರವನ್ನು ಅಳೆದವನು ಅಳೆಯುವುದು ನಯೋಬಿಯಮ್ಮನ್ನೇ. ಟ್ಯಾಂಟಲಂ ತಟ್ಟೆಯದೂ ಇದೇ ಕಥೆ, ಅದರದು 4.5 ಕೆಲ್ವಿನ್‌ಗೆ ಸಮೀಪ. ವಜ್ರದ ಸೀಮೆಯ ನಟ್ಟನಡುವೆ ಬೀಳುವುದರಿಂದ ಇನ್ನೂ ಮೋಸದ್ದು. ಸಿಲಿಕಾನ್ ತಟ್ಟೆಯಾದರೆ ಅದು ಹೆಚ್ಚು ರೋಧವುಳ್ಳ ಸಿಲಿಕಾನೇ ಎಂದು ಖಚಿತಪಡಿಸಿಕೊಳ್ಳಿ. ಎಲೆಕ್ಟ್ರೋಡ್ ತಯಾರಕರು ಚೆನ್ನಾಗಿ ವಿದ್ಯುತ್ ಹರಿಯುವ ಸಿಲಿಕಾನನ್ನೇ ಬಳಸುವುದು ರೂಢಿ. ಆಗ ಪ್ರವಾಹದ ಒಂದು ಪಾಲು ತಟ್ಟೆಯ ಮೂಲಕವೇ ಹರಿದು ನಿಮ್ಮ ಲೆಕ್ಕವನ್ನು ಕೆಡಿಸುತ್ತದೆ.

ಚೂರಿನಿಂದ ಚದುರಿದ ಲೇಸರ್ ಬೆಳಕನ್ನು ಬಿಡಿಸಿ ನೋಡುವ ರಾಮನ್ ರೋಹಿತದ ಸೌಲಭ್ಯ ಸಿಕ್ಕರೆ, ಬೋರಾನ್ ಸಾಕಷ್ಟಿದೆಯೇ ಎಂದು ತಿಳಿಯುವುದು ಅರ್ಧ ಗಂಟೆಯ ಕೆಲಸ. ಶುದ್ಧ ವಜ್ರ ಪ್ರತಿ ಸೆಂಟಿಮೀಟರಿಗೆ 1332 ಎಂಬ ತರಂಗಸಂಖ್ಯೆಯಲ್ಲಿ ಸೂಜಿಯಂಥ ಒಂದೇ ಗೆರೆ ಕೊಡುತ್ತದೆ. ಬೋರಾನ್ ಧಾರಾಳವಾಗಿರುವ ವಜ್ರದಲ್ಲಿ ಆ ಗೆರೆ ಕುಗ್ಗಿ, ಒಂದು ಬದಿಗೆ ವಾಲಿ, 500 ಮತ್ತು 1220ರ ಸುಮಾರಿಗೆ ಎರಡು ಅಗಲ ದಿಬ್ಬಗಳು ಏಳುತ್ತವೆ. ಆ ದಿಬ್ಬಗಳು ಕಾಣದಿದ್ದರೆ ಚೂರನ್ನು ಪಕ್ಕಕ್ಕಿಡಿ. ವಜ್ರಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕಳೆದ ರಾಮನ್ನರ ಹೆಸರಿನ ಪರೀಕ್ಷೆಯೇ ಇಲ್ಲಿ ಮೊದಲ ಜರಡಿಯಾಗುವುದು ನನಗೆ ಪ್ರತಿ ಸಲವೂ ಖುಷಿ ಕೊಡುವ ಸಂಗತಿ.

ನಾಲ್ಕು ತಂತಿಗಳು

ಪದರವನ್ನು ಸುಮಾರು 2 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಉದ್ದದ ಪಟ್ಟಿಯಾಗಿ ಮಾಡಿಕೊಳ್ಳಿ. ಬೆಳವಣಿಗೆಯ ಕಾಲದಲ್ಲಿ ಮೇಲ್ಮೈಗೆ ಅಂಟಿದ ಗ್ರಾಫೈಟನ್ನು ತೆಗೆಯಲು ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲದ ಬಿಸಿ ಮಿಶ್ರಣದಲ್ಲಿ ತೊಳೆಯಬೇಕು. ಇದನ್ನು ಆಮ್ಲದ ಹೊಗೆಯನ್ನು ಹೀರಿ ಹೊರಬಿಡುವ ಗೂಡಿನೊಳಗೆ (ಫ್ಯೂಮ್ ಹುಡ್), ಈ ಕೆಲಸ ಬಲ್ಲವರು ಜೊತೆಗಿದ್ದಾಗ ಮಾತ್ರ ಮಾಡಿ.

ಪಟ್ಟಿಯ ಉದ್ದಕ್ಕೂ ನಾಲ್ಕು ಸಂಪರ್ಕಗಳು ಬೇಕು. ಹೊರಗಿನ ಎರಡರಿಂದ ಪ್ರವಾಹ ಹಾಯಿಸುತ್ತೇವೆ, ಒಳಗಿನ ಎರಡರಿಂದ ವೋಲ್ಟೇಜ್ ಓದುತ್ತೇವೆ. ವೋಲ್ಟೇಜಿನ ತಂತಿಗಳಲ್ಲಿ ಪ್ರವಾಹ ಹೆಚ್ಚುಕಡಿಮೆ ಇಲ್ಲದಿರುವುದರಿಂದ ತಂತಿಯ ರೋಧವಾಗಲಿ ಸಂಪರ್ಕದ ರೋಧವಾಗಲಿ ಓದಿಗೆ ಸೇರುವುದಿಲ್ಲ. ಎರಡೇ ತಂತಿಯಲ್ಲಿ ಅಳೆದರೆ ಮಾದರಿ ನಿಜವಾಗಿ ಶೂನ್ಯಕ್ಕಿಳಿದರೂ ಸಂಪರ್ಕಗಳ ರೋಧ ಉಳಿದೇ ಇರುತ್ತದೆ, ಆದ್ದರಿಂದ ಶೂನ್ಯವೆಂಬುದನ್ನು ನೀವು ಎಂದಿಗೂ ಕಾಣಲಾರಿರಿ. ಲೋಹ ಲೇಪಿಸುವ ಸೌಕರ್ಯವಿದ್ದರೆ ಮೊದಲು ಟೈಟಾನಿಯಂ, ಅದರ ಮೇಲೆ ಪ್ಲಾಟಿನಂ, ಕೊನೆಗೆ ಚಿನ್ನ ಎಂಬ ಕ್ರಮ ಒಳ್ಳೆಯದು. ಬಿಸಿ ಮಾಡಿದಾಗ ಟೈಟಾನಿಯಂ ವಜ್ರದ ಇಂಗಾಲದೊಡನೆ ಕಾರ್ಬೈಡ್ ಆಗಿ ಗಟ್ಟಿಯಾಗಿ ಹಿಡಿಯುತ್ತದೆ. ಆ ಸೌಕರ್ಯ ಇಲ್ಲದಿದ್ದರೆ ಸಿಲ್ವರ್ ಪೇಸ್ಟ್ ಸಾಕು. ಅದನ್ನು ಕಡ್ಡಿಯಿಂದ ಸವರದೆ ಹೊಲಿಗೆ ಸೂಜಿಯ ಮೊನೆಯಿಂದ ಚುಕ್ಕಿಯಿಟ್ಟು, ಆ ಹಸಿ ಚುಕ್ಕಿಯ ಮೇಲೆ ಕೂದಲಿನಷ್ಟು ತೆಳುವಾದ ಚಿನ್ನದ ಅಥವಾ ತಾಮ್ರದ ತಂತಿಯ ತುದಿಯನ್ನು ಮಲಗಿಸಿ, ಒಂದು ರಾತ್ರಿ ಮುಟ್ಟದೆ ಬಿಡಿ. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪೇಸ್ಟ್ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುವುದುಂಟು. ನೀಲಿ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪಾತ್ರೆಯಲ್ಲಿಡುವುದು ಕ್ಷೇಮ.

ಬೆಸುಗೆ ಮಾತ್ರ ಬೇಡ. ಇದನ್ನು ಪೆಟ್ಟು ತಿಂದು ಕಲಿತಿದ್ದೇನೆ. ಮೊದಲ ಸಲ ನಾನು ಅಳೆದಾಗ ಸರಿಯಾಗಿ 7 ಕೆಲ್ವಿನ್ ಸುಮಾರಿಗೆ ರೋಧ ಒಂದು ಮೆಟ್ಟಿಲು ಇಳಿಯಿತು. ಶೂನ್ಯಕ್ಕೆ ಬರಲಿಲ್ಲ, ಆದರೆ ಇಳಿತ ಎಷ್ಟು ಚೊಕ್ಕವಾಗಿತ್ತೆಂದರೆ ಅಂದು ರಾತ್ರಿ ಇಬ್ಬರು ಗೆಳೆಯರಿಗೆ ಫೋನು ಮಾಡಿ ಹೇಳಿಯೂ ಬಿಟ್ಟೆ. ಬೆಳಿಗ್ಗೆ ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ವೋಲ್ಟೇಜಿನ ಒಂದು ಸಂಪರ್ಕದಿಂದ ಸೀಸ–ತವರದ ಬೆಸುಗೆ ಪಟ್ಟಿಯ ನಡುಭಾಗದತ್ತ ನಾಲಿಗೆ ಚಾಚಿ ಹರಿದಿತ್ತು. ಸೀಸ ಅತಿವಾಹಕವಾಗುವುದು 7.2 ಕೆಲ್ವಿನ್‌ನಲ್ಲಿ. ಬೆಸುಗೆ ಅತಿವಾಹಕವಾದ ಕೂಡಲೇ ತನ್ನ ಕೆಳಗಿನಷ್ಟು ಪದರವನ್ನು ಅಡ್ಡದಾರಿಯಿಂದ ದಾಟಿಸಿಬಿಟ್ಟಿತ್ತು. ಇಂಡಿಯಂ ಒತ್ತಿ ಸಂಪರ್ಕ ಮಾಡುವವರೂ ಎಚ್ಚರದಿಂದಿರಬೇಕು, ಅದು 3.4 ಕೆಲ್ವಿನ್‌ನಲ್ಲಿ ಇದೇ ಆಟ ಆಡುತ್ತದೆ.

ಪ್ರವಾಹ ಎಷ್ಟಿರಬೇಕೆಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಿ. ಪದರದ ರೋಧಶೀಲತೆ 2 ಮಿಲಿಓಮ್ ಸೆಂಟಿಮೀಟರ್, ದಪ್ಪ 1 ಮೈಕ್ರೋಮೀಟರ್ ಎಂದುಕೊಳ್ಳೋಣ. ಆಗ ಉದ್ದವೂ ಅಗಲವೂ ಸಮನಾದ ಒಂದು ಚೌಕದ ರೋಧ 20 ಓಮ್. 10 ಮೈಕ್ರೋಆಂಪಿಯರ್ ಹಾಯಿಸಿದರೆ 200 ಮೈಕ್ರೋವೋಲ್ಟ್ ಸಿಗುತ್ತದೆ, ಒಳ್ಳೆಯ ನ್ಯಾನೋವೋಲ್ಟ್‌ಮೀಟರಿಗೆ ಇದು ಧಾರಾಳವಾಯಿತು. ಚೌಕದಲ್ಲಿ ಹುಟ್ಟುವ ಶಾಖ ಕೇವಲ 2 ನ್ಯಾನೋವ್ಯಾಟ್. ಓದು ಚೆನ್ನಾಗಿ ಬರಲೆಂದು 1 ಮಿಲಿಆಂಪಿಯರ್‌ಗೆ ಏರಿಸಿದರೆ ಶಾಖ ಹತ್ತು ಸಾವಿರ ಪಟ್ಟಾಗಿ 20 ಮೈಕ್ರೋವ್ಯಾಟ್ ಆಗುತ್ತದೆ, ಕೆಟ್ಟ ಸಂಪರ್ಕಗಳಲ್ಲಿ ಇನ್ನೂ ಹೆಚ್ಚು. ಆಗ ಥರ್ಮಾಮೀಟರ್ 4 ಕೆಲ್ವಿನ್ ಎನ್ನುತ್ತಿದ್ದರೂ ಪದರ ಅದಕ್ಕಿಂತ ಬೆಚ್ಚಗಿರಬಹುದು.

77 ಕೆಲ್ವಿನ್ ಪರೀಕ್ಷೆ

ದ್ರವ ಸಾರಜನಕ ನಮ್ಮ ಭಾಗಕ್ಕೆ ಅಪರೂಪದ ವಸ್ತುವಲ್ಲ. ಪಶುವೈದ್ಯರು ಹಸು ಎಮ್ಮೆಗಳ ಕೃತಕ ಗರ್ಭಧಾರಣೆಗೆ ವೀರ್ಯದ ನಳಿಕೆಗಳನ್ನು ಅದರಲ್ಲೇ ಕಾಪಾಡುತ್ತಾರೆ, ಆದ್ದರಿಂದ ಹಳ್ಳಿಯ ರೈತರಿಗೂ ಆ ಕ್ಯಾನು ಪರಿಚಿತ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟಿಸುತ್ತದೆ. ಕ್ಯಾನಿನ ಬಾಯಿಗೆ ಎಂದೂ ಬಿಗಿಯಾದ ಬಿರಟೆ ಹಾಕಬಾರದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಅದನ್ನು ಕಿಟಕಿ ಮುಚ್ಚಿದ ಚಿಗರಿ ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಬರುವ ಯೋಚನೆಯನ್ನು ಒಬ್ಬ ವಿದ್ಯಾರ್ಥಿ ನನ್ನ ಮುಂದಿಟ್ಟದ್ದುಂಟು. ಗಾಳಿಯಾಡುವ ತೆರೆದ ವಾಹನದಲ್ಲಿ ತನ್ನಿ.

ಮಾದರಿಯನ್ನು ತಾಮ್ರದ ತುಂಡಿನ ಮೇಲೆ ಗ್ರೀಸಿನಿಂದ ಕೂರಿಸಿ, ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು, ಉದ್ದನೆಯ ಕೋಲಿನ ತುದಿಗೆ ಕಟ್ಟಿ, ದ್ರವದ ಮೇಲಿನ ಆವಿಯಲ್ಲಿ ಹತ್ತು ಹದಿನೈದು ನಿಮಿಷ ತಡೆದು ನಿಧಾನವಾಗಿ ಇಳಿಸಿ. ಒಮ್ಮೆಲೇ ಮುಳುಗಿಸಿದರೆ ಪದರ ತಟ್ಟೆಯಿಂದ ಸಿಡಿದುಹೋಗಬಹುದು. ಪ್ರತಿ ಓದಿಗೂ ಪ್ರವಾಹವನ್ನು ಒಮ್ಮೆ ಒಂದು ದಿಕ್ಕಿಗೆ, ಒಮ್ಮೆ ತಿರುಗುಮುರುಗಾಗಿ ಹಾಯಿಸಿ, ಎರಡು ವೋಲ್ಟೇಜುಗಳ ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳಿ. ತಂತಿಯ ಒಂದು ತುದಿ ಬೆಚ್ಚಗೂ ಇನ್ನೊಂದು ತಣ್ಣಗೂ ಇರುವುದರಿಂದ ಹುಟ್ಟುವ ಹುಸಿ ವೋಲ್ಟೇಜ್ ಪ್ರವಾಹದ ದಿಕ್ಕು ಬದಲಿಸಿದರೂ ಬದಲಾಗುವುದಿಲ್ಲ, ಹಾಗಾಗಿ ಈ ಕಳೆಯುವಿಕೆಯಲ್ಲಿ ಅದು ಕಳಚಿ ಬೀಳುತ್ತದೆ. ಅಂದಹಾಗೆ ಪುಸ್ತಕದಲ್ಲಿ ಬರೆದಿರುವ 77.4 ಕೆಲ್ವಿನ್ ಸಮುದ್ರಮಟ್ಟದ ಮಾತು. ಸುಮಾರು 750 ಮೀಟರ್ ಎತ್ತರದ ಧಾರವಾಡದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಸಾರಜನಕ ಮುಕ್ಕಾಲು ಕೆಲ್ವಿನ್‌ನಷ್ಟು ಕೆಳಗೇ ಕುದಿಯುತ್ತದೆ. ನಿಮ್ಮ ಥರ್ಮಾಮೀಟರ್ 76.6 ತೋರಿಸಿದರೆ ಅದನ್ನು ಬೈಯಬೇಡಿ.

ಈಗ ಕೋಣೆಯ ತಾಪದ ರೋಧದಿಂದ 77 ಕೆಲ್ವಿನ್‌ನ ರೋಧವನ್ನು ಭಾಗಿಸಿ. ಉತ್ತರ ಒಂದರ ಹತ್ತಿರವಿದ್ದರೆ, ಒಂದೂಕಾಲು ಒಂದೂವರೆಯಾದರೂ ಸರಿ, ಚೂರು ಲೋಹದ ಗಡಿ ದಾಟಿದೆ ಎಂದು ನಂಬಬಹುದು. ಅತಿವಾಹಕ ಪದರಗಳಲ್ಲಿಯೂ ತಂಪಾದಂತೆ ರೋಧ ತುಸು ಏರುವುದು ಸಾಮಾನ್ಯ. ಸಣ್ಣ ಸಣ್ಣ ಹರಳುಗಳ ಅಂಚುಗಳನ್ನು ದಾಟುವಾಗಿನ ತಡೆ ಅದಕ್ಕೆ ಒಂದು ಕಾರಣ, ಆ ಏರಿಕೆಗೆ ಹೆದರಿ ಒಳ್ಳೆಯ ಚೂರನ್ನು ಬಿಸಾಡಬೇಡಿ. ಉತ್ತರ ಹತ್ತನ್ನು ದಾಟಿದರೆ ಮಾತ್ರ ಆ ಚೂರಿಗೆ ಹೀಲಿಯಂ ಖರ್ಚು ಮಾಡುವುದು ದಂಡ. ಹತ್ತು ಚೂರುಗಳಿದ್ದರೆ ಹತ್ತನ್ನೂ ಹೀಗೆ ಸೋಸಿ, ಎರಡನ್ನು ಆರಿಸಿ.

ಇದೇ ಜೋಡಣೆಯಲ್ಲಿ ಇನ್ನೂ ಎರಡು ಪರೀಕ್ಷೆ ಮಾಡಿ. ಒಂದು, ಪ್ರವಾಹದ ಜೋಡಿಯನ್ನೂ ವೋಲ್ಟೇಜಿನ ಜೋಡಿಯನ್ನೂ ಅದಲುಬದಲು ಮಾಡಿ. ರೋಧ ಅಷ್ಟೇ ಬರಬೇಕು. ಇನ್ನೊಂದು, ತಂತಿಗಳನ್ನು ಎರಡೆರಡಾಗಿ ಹಿಡಿದು ಪ್ರತಿ ಜೋಡಿಯ ರೋಧವನ್ನು ಬರೆದುಕೊಳ್ಳಿ. ವೋಲ್ಟೇಜಿನ ಒಂದು ಸಂಪರ್ಕ ತಂಪಿನಲ್ಲಿ ಎದ್ದುಬಂದರೆ ಮೀಟರ್ ಸೊನ್ನೆಯ ಸುತ್ತಮುತ್ತ ಅಲೆದಾಡುತ್ತದೆ, ಹೀಲಿಯಂನಲ್ಲಿ ಅದು ಅತಿವಾಹಕತೆಯಂತೆಯೇ ಕಾಣುತ್ತದೆ. ಕಳಚಿದ ತಂತಿಯಷ್ಟು ಅಗ್ಗದ ಅತಿವಾಹಕ ಇನ್ನೊಂದಿಲ್ಲ.

ಹೀಲಿಯಂನ ದಿನ

ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಇಂದೋರಿನ ಯುಜಿಸಿ–ಡಿಎಇ ವೈಜ್ಞಾನಿಕ ಸಂಶೋಧನಾ ಒಕ್ಕೂಟದಂಥ ಸಂಸ್ಥೆಗಳು ಪ್ರಸ್ತಾವ ನೋಡಿ ಕಡಿಮೆ ತಾಪದ ಅಳತೆಗೆ ಅವಕಾಶ ಕೊಡುತ್ತವೆ. ಹುಬ್ಬಳ್ಳಿಯಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗಿಗಳ ಬಳಿ ಅಳೆಯುವುದೂ ಸಾಧ್ಯ. ಪ್ರಸ್ತಾವದಲ್ಲಿ 77 ಕೆಲ್ವಿನ್‌ನ ನಿಮ್ಮ ಅಂಕಿಗಳನ್ನೂ ರಾಮನ್ ರೋಹಿತವನ್ನೂ ಸೇರಿಸಿ.

ಹೀಲಿಯಂ 4.2 ಕೆಲ್ವಿನ್‌ನಲ್ಲಿ ಕುದಿಯುತ್ತದೆ. ಅದರ ಆವಿಯನ್ನು ಪಂಪಿನಿಂದ ಸೆಳೆದರೆ 2 ಕೆಲ್ವಿನ್‌ಗಿಂತ ಕೆಳಗೆ ಇಳಿಯಬಹುದು. ವಜ್ರದ ಪಕ್ಕದಲ್ಲಿ, ಅದೇ ತಾಮ್ರದ ತುಂಡಿನ ಮೇಲೆ, ಶುದ್ಧ ಸೀಸದ ಒಂದು ಎಳೆಯನ್ನೂ ತವರದ ಒಂದು ಎಳೆಯನ್ನೂ ನಾಲ್ಕು ನಾಲ್ಕು ತಂತಿಗಳೊಂದಿಗೆ ಕೂರಿಸುವುದು ನಾನು ಬಿಡದೆ ಪಾಲಿಸುವ ಕ್ರಮ. ಸೀಸ 7.2ರಲ್ಲಿ, ತವರ 3.7ರಲ್ಲಿ ಬೀಳಲೇಬೇಕು. ಅವು ತಮ್ಮ ಜಾಗದಲ್ಲಿ ಬಿದ್ದರೆ ನಿಮ್ಮ ಥರ್ಮಾಮೀಟರಿನ ಮಾತನ್ನು ಆ ಇಡೀ ಸೀಮೆಯಲ್ಲಿ ನಂಬಬಹುದು. ಪ್ಲಾಟಿನಂ ಥರ್ಮಾಮೀಟರ್ ಇಷ್ಟು ತಂಪಿನಲ್ಲಿ ಉಪಯೋಗಕ್ಕೆ ಬಾರದು. ಕಡಿಮೆ ತಾಪಕ್ಕೆಂದೇ ಮಾಡಿದ ಸರ್ನಾಕ್ಸ್ ಅಥವಾ ರುಥೇನಿಯಂ ಆಕ್ಸೈಡಿನ ಥರ್ಮಾಮೀಟರ್ ಬೇಕು.

10 ಕೆಲ್ವಿನ್‌ನಿಂದ ಕೆಳಗೆ ನಿಮಿಷಕ್ಕೆ 0.1 ಕೆಲ್ವಿನ್‌ಗಿಂತ ವೇಗ ಬೇಡ. ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ ಓದಿ; ಎರಡು ವಕ್ರರೇಖೆಗಳು ಒಂದರ ಮೇಲೊಂದು ಕೂರದಿದ್ದರೆ ಮಾದರಿಗೂ ಥರ್ಮಾಮೀಟರಿಗೂ ತಾಪ ಒಂದೇ ಇಲ್ಲವೆಂದು ಅರ್ಥ, ಇನ್ನೂ ನಿಧಾನಿಸಿ. ಸಂಕ್ರಮಣದ ನಡುವೆ ಒಂದು ತಾಪದಲ್ಲಿ ನಿಂತು 1, 3, 10, 30 ಮೈಕ್ರೋಆಂಪಿಯರ್ ಹಾಯಿಸಿ, ಪ್ರವಾಹದ ಶಾಖದಿಂದ ರೋಧ ಬದಲಾಗುತ್ತಿದೆಯೇ ಎಂದು ನೋಡಿ. ಸಂಕ್ರಮಣ ಎಲ್ಲಿ ಆರಂಭವಾಯಿತು, ಎಲ್ಲಿ ಅರ್ಧಕ್ಕೆ ಬಂತು, ಎಲ್ಲಿ ಶೂನ್ಯವಾಯಿತು ಎಂಬ ಮೂರನ್ನೂ ಬೇರೆಬೇರೆಯಾಗಿ ಬರೆಯಿರಿ. ವಜ್ರದ ಪದರಗಳಲ್ಲಿ ಬೋರಾನ್ ಎಲ್ಲ ಹರಳಿನಲ್ಲೂ ಸಮನಾಗಿರದ ಕಾರಣ ಈ ಮೂರರ ನಡುವೆ ಎರಡು ಮೂರು ಕೆಲ್ವಿನ್ ಅಂತರ ಇರುವುದುಂಟು. ಆರಂಭದ ಅಂಕಿಯನ್ನು ಮಾತ್ರ ಹೇಳಿ ಸುಮ್ಮನಾಗುವುದು ಈ ಕ್ಷೇತ್ರದ ಒಂದು ಕೆಟ್ಟ ಚಾಳಿ ಎಂದೇ ನನ್ನ ಅಭಿಪ್ರಾಯ.

ಕಾಂತಕ್ಷೇತ್ರ ಲಭ್ಯವಿದ್ದರೆ ಅರ್ಧ ಟೆಸ್ಲಾ ಹಚ್ಚಿ ಮತ್ತೆ ಅಳೆಯಿರಿ. ಸೀಸದ ಅತಿವಾಹಕತೆ 0.08 ಟೆಸ್ಲಾದಲ್ಲೇ ಸಾಯುತ್ತದೆ. ವಜ್ರದ್ದು ಹಾಗಲ್ಲ, 2004ರ ಮೊದಲ ಮಾದರಿಯೇ ಪರಮ ಶೂನ್ಯದ ಬಳಿ 3.5 ಟೆಸ್ಲಾಕ್ಕಿಂತ ಹೆಚ್ಚು ತಾಳಬಲ್ಲದೆಂದು ಲೆಕ್ಕ ಹಾಕಲಾಗಿತ್ತು. ಅರ್ಧ ಟೆಸ್ಲಾದಲ್ಲಿ ಕುಸಿತ ಸ್ವಲ್ಪ ಕೆಳಗಿನ ತಾಪಕ್ಕೆ ಸರಿದು ಉಳಿದುಕೊಂಡರೆ ಅದು ವಜ್ರದ್ದು, ಮಾಯವಾದರೆ ಬೆಸುಗೆಯನ್ನು ಹುಡುಕಿ. ರೋಧ ಶೂನ್ಯವಾಗಲು ಪದರದೊಳಗೆ ಒಂದೇ ಒಂದು ಎಳೆದಾರಿ ಅತಿವಾಹಕವಾದರೂ ಸಾಕು. ಇಡೀ ಪದರ ಹಾಗಾಗಿದೆಯೇ ಎಂದು ತಿಳಿಯಲು ಕಾಂತೀಯ ಅಳತೆ ಬೇಕು. ಅತಿ ಸಣ್ಣ ಕಾಂತೀಯತೆಯನ್ನೂ ಅಳೆಯುವ ಸ್ಕ್ವಿಡ್ ಮ್ಯಾಗ್ನೆಟೋಮೀಟರ್ ಸಿಗದಿದ್ದರೆ ಪದರದ ಎರಡು ಬದಿಗೆ ಎರಡು ಪುಟ್ಟ ಸುರುಳಿಗಳನ್ನಿಟ್ಟು, ಒಂದಕ್ಕೆ ಪರ್ಯಾಯ ಪ್ರವಾಹ ಕೊಟ್ಟು, ಇನ್ನೊಂದರಲ್ಲಿ ಬರುವ ಸಂಕೇತವನ್ನು ಓದಿ. ಪದರ ಅತಿವಾಹಕವಾದಾಗ ಕ್ಷೇತ್ರವನ್ನು ತಡೆಯುವುದರಿಂದ ಆ ಸಂಕೇತ ಕುಗ್ಗುತ್ತದೆ.

ಅಳತೆ ಮುಗಿದ ಮೇಲೆ ಮಾದರಿಯನ್ನು ಒಣ ಅನಿಲದಲ್ಲಿಯೇ ಕೋಣೆಯ ತಾಪಕ್ಕೆ ತನ್ನಿ; ತಣ್ಣಗಿರುವಾಗ ಹೊರತೆಗೆದರೆ ತೇವ ಕೂತು ಪೇಸ್ಟ್ ಏಳುತ್ತದೆ. ಊರಿಗೆ ಮರಳಿದ ಮೇಲೆ ಅದೇ ಚೂರನ್ನು, ಅದೇ ತಂತಿಗಳೊಂದಿಗೆ, ಇನ್ನೊಮ್ಮೆ ದ್ರವ ಸಾರಜನಕದಲ್ಲಿ ಇಳಿಸಿ ಅಳೆಯಿರಿ. ಹೋಗುವ ಮುನ್ನ ದಾಖಲೆ ಪುಸ್ತಕದಲ್ಲಿ ಬರೆದಿಟ್ಟ ರೋಧ ನೂರಕ್ಕೆ ಒಂದೆರಡರ ವ್ಯತ್ಯಾಸದೊಳಗೆ ಮರಳಿ ಬಂದರೆ, ಹೀಲಿಯಂನಲ್ಲಿ ನೀವು ಕಂಡದ್ದು ಮೊದಲು ಆರಿಸಿದ ಆ ಚೂರಿನದೇ ಗುಣವೆಂದು ಬರೆಯಬಹುದು. ಬರದಿದ್ದರೆ ಪ್ರಯಾಣದಲ್ಲೋ ತಂಪಿನಲ್ಲೋ ಯಾವುದೋ ಸಂಪರ್ಕ ಜಾಗ ಬಿಟ್ಟಿದೆ. ಸೂಜಿ, ಸಿಲ್ವರ್ ಪೇಸ್ಟ್ ಮತ್ತು ಸೂಕ್ಷ್ಮದರ್ಶಕವನ್ನು ಮತ್ತೆ ಹೊರತೆಗೆಯಿರಿ.